ಲಿಗೋರಿ ಕ್ರಾಸ್ತಾ ಹೆಂಡತಿಯೊಡನೆ ಕನ್ನಡ ಮಾತಾಡಿದ್ದು

ಬೋಳಾರದ ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ಲಿಗೋರಿ ಕ್ರಾಸ್ತಾನಿಗೆ ಕುಡಿತವಿರಲಿಲ್ಲ, ಇಸ್ಪೀಟಿರಲಿಲ್ಲ, ಕೋಳಿ ಅಂಕದ ಹುಚ್ಚೂ ಇರಲಿಲ್ಲ. ಇಂಥ ಗಂಡ ಸಿಕ್ಕಿದ್ದಕ್ಕೆ ಅವನ ಹೆಂಡತಿ ವಿನಿಫ್ರೆಡ್ ಭಾನುವಾರ ಇಗರ್ಜಿಯಲ್ಲಿ ಒಂದು ಮೇಣದಬತ್ತಿ ಹೆಚ್ಚಿಗೆ ಹಚ್ಚುತ್ತಿದ್ದಳು. ಅವನಿಗಿದ್ದದ್ದು ಒಂದೇ ಚಟ, ಕನ್ನಡದಲ್ಲಿ ಕಥೆ ಬರೆಯುವುದು. ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಏಕೆಂದರೆ ಅವು ಎಲ್ಲಿಯೂ ಅಚ್ಚಾಗುತ್ತಿರಲಿಲ್ಲ.

ಮಂಗಳೂರು ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿದ್ದ ಕಾಲ ಅದು. ಹಂಪನಕಟ್ಟೆಯ ಹತ್ತಿರ ಒಂದು ಮಾಳಿಗೆಯ ಮೇಲೆ ವಾರಪತ್ರಿಕೆಯೊಂದರ ಕಚೇರಿಯಿತ್ತು. ಲಿಗೋರಿಯ ಕಥೆಗಳು ಅಂಚೆಯಲ್ಲಿ ಅಲ್ಲಿಗೆ ಹೋಗುತ್ತಿದ್ದವು, ಅಂಚೆಯಲ್ಲೇ ಮರಳುತ್ತಿದ್ದವು. ಈ ಹೋಗಿಬರುವ ತ್ರಾಸ ಕಥೆಗಳಿಗೆ ಯಾಕೆ ಎಂದು ಒಂದು ಶನಿವಾರ ಅವನು ತಾನೇ ಮಾಳಿಗೆ ಹತ್ತಿದ.

ಸಂಪಾದಕ ಗುಣಪಾಲ ಹೆಗ್ಡೆಯವರು ಕಥೆಯನ್ನು ಮುಂದಿಟ್ಟುಕೊಂಡು ಕನ್ನಡಕ ಒರೆಸಿದರು.

"ಕಥೆ ಉಂಟು ಮಾರಾಯ್ರೆ. ಇಲ್ಲ ಅಂತ ಹೇಳುವುದಿಲ್ಲ. ಆದರೆ ಮಾತು ಸತ್ತುಹೋಗಿದೆ. ಇಲ್ಲಿ ನೋಡಿ, ಈ ಹೆಂಡತಿ ಗಂಡನಿಗೆ ಹೇಳ್ತಾಳೆ, 'ಪ್ರಾಣವಲ್ಲಭಾ, ತಮ್ಮ ಆಗಮನವನ್ನೇ ನಿರೀಕ್ಷಿಸುತ್ತ ಎನ್ನ ನಯನಗಳು ಬಳಲಿದವು.' ಯಾರು ಇವಳು?"

"ಮೀನು ಮಾರುವವಳು, ಸರ್."

ಹೆಗ್ಡೆಯವರು ಕನ್ನಡಕವನ್ನು ಇನ್ನೊಮ್ಮೆ ಒರೆಸಿದರು.

"ನಿಮ್ಮ ಮನೆಯಲ್ಲಿ ಹೀಗೆ ಮಾತಾಡ್ತಾರಾ?"

"ಮನೆಯಲ್ಲಿ ಕೊಂಕಣಿ, ಸರ್."

"ಬೀದಿಯಲ್ಲಿ?"

"ತುಳು."

"ಆಫೀಸಿನಲ್ಲಿ?"

"ಇಂಗ್ಲಿಷು. ಬೈಯುವುದಿದ್ದರೆ ತುಳು."

"ಹಾಗಾದರೆ ನೀವು ಕನ್ನಡ ಮಾತಾಡುವುದು ಯಾವಾಗ?"

ಲಿಗೋರಿ ಪ್ರಾಮಾಣಿಕವಾಗಿ ಯೋಚಿಸಿದ. "ಈಗ, ಸರ್."

"ಅದೇ ಆದದ್ದು," ಎಂದರು ಹೆಗ್ಡೆಯವರು. "ಬಾಯಲ್ಲಿ ಆಡದ್ದು ಕೈಯಲ್ಲಿ ಬರುವುದಿಲ್ಲ. ಹೋಗಿ, ಕನ್ನಡ ಮಾತಾಡಿ. ಮನೆಯಲ್ಲಿ ಮಾತಾಡಿ, ನೆರೆಕರೆಯಲ್ಲಿ ಮಾತಾಡಿ, ಹಸಿವಾದಾಗ ಮಾತಾಡಿ, ಸಿಟ್ಟು ಬಂದಾಗ ಮಾತಾಡಿ. ಆದರೆ ಕಥೆಗೆ ಬೇಕಾಗಿ ಅಂತ ಯಾರಿಗೂ ಹೇಳ್ಬೇಡಿ. ಹೇಳಿದ್ರೆ ಎಲ್ಲರೂ ನಾಟಕ ಮಾಡ್ಲಿಕ್ಕೆ ಶುರು ಮಾಡ್ತಾರೆ. ದೀಪಾವಳಿ ಸಂಚಿಕೆಯಲ್ಲಿ ನಿಮಗೆ ಒಂದು ಜಾಗ ಇಟ್ಟಿರ್ತೇನೆ."

ದೀಪಾವಳಿ ಸಂಚಿಕೆ! ಲಿಗೋರಿ ಮೆಟ್ಟಿಲಿಳಿಯುವಾಗಲೇ ಮನಸ್ಸಿನಲ್ಲಿ ಕನ್ನಡ ಮಾತಾಡತೊಡಗಿದ್ದ.

ಇಲ್ಲಿ ಓದುಗರಲ್ಲಿ ಒಂದು ಅರಿಕೆ. ಇನ್ನು ಮುಂದೆ ಈ ಜನ ಕೊಂಕಣಿಯಲ್ಲೂ ತುಳುವಿನಲ್ಲೂ ಆಡಿದ್ದನ್ನು ಕನ್ನಡದಲ್ಲೇ ಕೊಡಬೇಕಾಗಿದೆ. ಅವರು ನಿಜವಾಗಿ ಕನ್ನಡದಲ್ಲೇ ಆಡಿದ ಮಾತು ಯಾವುದೆಂದು ಅದರ ಅವಸ್ಥೆಯಿಂದಲೇ ತಿಳಿಯುತ್ತದೆ.

ಆ ಸಂಜೆ ವಿನಿಫ್ರೆಡ್ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಒಲೆ ಹೊತ್ತಿಸುತ್ತಿದ್ದಳು. ಲಿಗೋರಿ ಅಡುಗೆಮನೆಯ ಬಾಗಿಲಲ್ಲಿ ನೆಟ್ಟಗೆ ನಿಂತು ಹೇಳಿದ:

"ವಿನಿಫ್ರೆಡ್, ನನಗೆ ಬಹಳ ದಾಹವಾಗುತ್ತಿದೆ. ಒಂದು ಲೋಟ ಚಹಾ ದೊರೆಯಬಹುದೇ?"

ವಿನಿಫ್ರೆಡ್ ನರ್ಸು. ಘಟ್ಟದ ಮೇಲಿನಿಂದ ಬಂದು ವಾರ್ಡಿನಲ್ಲಿ ಮಲಗಿದ ರೋಗಿಗಳ ಹತ್ತಿರ ಮಾತ್ರ ಅವಳು ಕನ್ನಡ ಮಾತಾಡುತ್ತಿದ್ದದ್ದು. ಅವಳ ಅನುಭವದಲ್ಲಿ ತನ್ನೊಡನೆ ಕನ್ನಡ ಮಾತಾಡಿದ ಮನುಷ್ಯರೆಲ್ಲ ಕಾಯಿಲೆಯವರೇ. ಅವಳು ಕೈ ಒರೆಸಿಕೊಂಡು ಹತ್ತಿರ ಬಂದಳು. ಬಾಯಲ್ಲಿ ವಾರ್ಡಿನ ಕನ್ನಡ ತಾನಾಗಿ ಬಂತು.

"ಎಷ್ಟು ದಿನದಿಂದ ಹೀಗೆ ಆಗ್ತಾ ಉಂಟು?"

"ಏನು?"

"ಬಾಯಾರಿಕೆ. ಮೂತ್ರಕ್ಕೆ ಹೆಚ್ಚು ಹೋಗ್ತದಾ? ನಾಲಿಗೆ ತೋರಿಸಿ."

"ನಾನು ಆರೋಗ್ಯವಾಗಿಯೇ ಇದ್ದೇನೆ."

"ಎಲ್ಲರೂ ಹಾಗೇ ಹೇಳ್ತಾರೆ. ಹೆದರಬೇಡಿ, ಡಾಕ್ಟ್ರು ಬರ್ತಾರೆ. ಮಲಗಿ."

ಅವನು ವಿವರಿಸಲು ಬಾಯಿ ತೆರೆದ. ತೆರೆದ ಬಾಯಿಗೆ ಥರ್ಮಾಮೀಟರ್ ಬಂತು. ಥರ್ಮಾಮೀಟರ್ ಬಾಯಲ್ಲಿದ್ದಾಗ ಯಾವ ಭಾಷೆಯ ಸಂಭಾಷಣೆಯೂ ಸಹಜವಾಗಿ ಬರುವುದಿಲ್ಲ. ಮೊದಲ ಪಾಠ ಅಲ್ಲಿಗೆ ಮುಗಿಯಿತು.

ಸೋಮವಾರ ಬೆಳಿಗ್ಗೆ ಅವನು ಆವರಣದ ಗೋಡೆಯಾಚೆ ಪ್ರಯತ್ನಿಸಿದ. ಪಕ್ಕದ ಮನೆಯ ಶೀನಪ್ಪ ಮಂಗಳಾದೇವಿಯ ಹತ್ತಿರ ಒಂದು ಸಣ್ಣ ಹೋಟೆಲು ನಡೆಸುತ್ತಿದ್ದ. ಮನೆಯಲ್ಲೂ ಹೋಟೆಲಿನಲ್ಲೂ ತುಳು. ಕನ್ನಡ ಅವನ ಬಾಯಿಗೆ ಬರುತ್ತಿದ್ದದ್ದು ತಾಳಮದ್ದಳೆಯಲ್ಲಿ ಮಾತ್ರ. ಅಲ್ಲಿ ವೇಷ ಕಟ್ಟದೆ ಶಾಲು ಹೊದ್ದು ಕುಳಿತು ಎದುರಾಳಿಯೊಡನೆ ಬೆಳಗಾಗುವವರೆಗೆ ವಾದ ಮಾಡುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಇದು ಲಿಗೋರಿಗೆ ನೆನಪಾಗಲಿಲ್ಲ.

"ನಮಸ್ಕಾರ ಶೀನಪ್ಪಣ್ಣ. ನಿಮ್ಮ ಬಾವಿಯಲ್ಲಿ ನೀರು ಎಷ್ಟಿದೆ?" ಎಂದು ಕನ್ನಡದಲ್ಲಿ ಕೇಳಿದ.

ಶೀನಪ್ಪ ಕೊಡಪಾನ ಕೆಳಗಿಟ್ಟ. ಗಂಟಲು ಸರಿಮಾಡಿಕೊಂಡ. ತಲೆಗೆ ಸುತ್ತಿದ್ದ ಬೈರಾಸನ್ನು ಬಿಚ್ಚಿ ಶಾಲಿನ ಹಾಗೆ ಹೆಗಲಿಗೆ ಹಾಕಿಕೊಂಡ.

"ಆಹಾ! ಏನೆಂದೆ? ಬಾವಿಯಲ್ಲಿ ನೀರೆಷ್ಟು ಎಂದು ಕೇಳಿದೆಯಲ್ಲವೇ? ಹೇಳುತ್ತೇನೆ, ಕೇಳು. ನೀರೆಂದರೆ ಯಾವ ನೀರು? ಕಣ್ಣಿಗೆ ಕಾಣುವ ನೀರೋ, ಕಾಣದೆ ನೆಲದಡಿಯಲ್ಲಿ ಸಂಚರಿಸುವ ನೀರೋ? 'ನಿಮ್ಮ ಬಾವಿ' ಎಂದೆ. ನನ್ನದು ಹೇಗಾಯಿತು? ಇದನ್ನು ತೋಡಿಸಿದವನು ನನ್ನ ಅಜ್ಜ. ಅವನ ಪರಾಕ್ರಮವಾದರೂ ಎಂಥದ್ದು..."

ಅಜ್ಜನ ಪರಾಕ್ರಮ ಅರ್ಧಕ್ಕೆ ಬರುವಾಗ ಕಾರ್ಖಾನೆಯ ಕೂಗು ಕೇಳಿತು. ಲಿಗೋರಿ ಕಾಫಿಯನ್ನೂ ಬಿಟ್ಟು ಓಡಿದ.

"ಉತ್ತರ ಕೊಡದೆ ಓಡುವೆಯಾ? ಹಾಗಾದರೆ ಸೋತೆನೆಂದು ಒಪ್ಪಿಕೋ!" ಎಂಬ ಮಾತು ದಾರಿಯ ತಿರುವಿನವರೆಗೂ ಹಿಂಬಾಲಿಸಿತು.

ಹೀಗೆ ಕೆಲವು ದಿನ ಹೋಯಿತು. ಶೀನಪ್ಪನ ಹೆಂಡತಿ ಜಲಜಾಕ್ಷಿಯ ಅಡುಗೆಮನೆಯೂ ಕ್ರಾಸ್ತಾರ ಅಡುಗೆಮನೆಯೂ ಎದುರುಬದುರು. ಅವಳು ಕೇಳಿದಳು, ಕೇಳಿದಳು, ಕೊನೆಗೆ ಗಂಡನಿಗೆ ಊಟ ಬಡಿಸುವಾಗ ಹೇಳಿದಳು.

"ಪಕ್ಕದ ಮನೆಯಲ್ಲಿ ಗಂಡ ಹೆಂಡತಿ ಕನ್ನಡ ಮಾತಾಡ್ತಾರೆ."

"ಮಾತಾಡ್ಲಿ."

"ಎಂತ ಮಾತಾಡ್ಲಿ? ನಾವು ಜಗಳ ಮಾಡುವುದು ಯಾವುದರಲ್ಲಿ?"

"ತುಳುವಿನಲ್ಲಿ."

"ತುಳುವಿನಲ್ಲಿ ಮಾಡಿದ ಜಗಳ ಊಟದ ಹೊತ್ತಿಗೆ ಮುಗೀತದೆ. ಕನ್ನಡದಲ್ಲಿ ಮಾಡಿದ್ದು ಕೋರ್ಟಿಗೆ ಹೋಗ್ತದೆ. 'ದಯವಿಟ್ಟು' ಅಂತ ಹೇಳ್ತಾರೆ ಮಾರಾಯ್ರೆ. ನಿನ್ನೆ ಲಿಗೋರಿ ಪೊರ್ಬುಗಳು ವಿನ್ನಿ ಬಾಯಮ್ಮನಿಗೆ 'ಕ್ಷಮಿಸು' ಅಂತ ಹೇಳಿದ್ದು ನಾನೇ ಕಿವಿಯಾರೆ ಕೇಳಿದ್ದೇನೆ."

ಶೀನಪ್ಪನ ಕೈಯಲ್ಲಿದ್ದ ತುತ್ತು ನಿಂತಿತು. "ಕ್ಷಮಿಸು ಅಂತ? ಸ್ವಂತ ಹೆಂಡತಿಗೆ?"

ವಿಷಯ ಗಂಭೀರವೆಂದು ಅವನಿಗೂ ಆಗ ಮನದಟ್ಟಾಯಿತು. ಜಲಜಾಕ್ಷಿ ಇದನ್ನು ಸೈಕಲ್ಲಿನಲ್ಲಿ ಬ್ರೆಡ್ಡು ಮಾರಲು ಬರುವ ವಿಲ್ಲಿಗೆ ಮಾತ್ರ, ಅದೂ ಯಾರಿಗೂ ಹೇಳಬಾರದೆಂಬ ಷರತ್ತಿನ ಮೇಲೆ ಹೇಳಿದಳು. ವಿಲ್ಲಿಯ ಮನೆ ಕುಲಶೇಖರದಲ್ಲಿ. ವಿನಿಫ್ರೆಡಳ ತವರುಮನೆಯೂ ಅಲ್ಲೇ. ಬೋಳಾರದಿಂದ ಸೈಕಲ್ಲಿನಲ್ಲಿ ಹೊರಟ ಸುದ್ದಿ ದಾರಿಯಲ್ಲಿ ಬೆಳೆದು, ಕುಲಶೇಖರದ ಏರು ಹತ್ತುವಾಗ ಲಿಗೋರಿ ವಕೀಲರನ್ನು ಕಂಡಿದ್ದಾನೆ ಎಂದಾಯಿತು. ಅವನ ಅತ್ತೆ ಫ್ಲಾವಿಯಾ ಬಾಯಿಯ ಜಗಲಿಗೆ ಮುಟ್ಟುವಾಗ ಮದುವೆ ರದ್ದು ಮಾಡಿಸುವ ಅರ್ಜಿ ರೋಮಿಗೆ, ಪೋಪರ ಹತ್ತಿರಕ್ಕೆ, ಹೋಗಿ ಆಗಿತ್ತು.

ಇದೊಂದೂ ಗೊತ್ತಿಲ್ಲದ ವಿನಿಫ್ರೆಡ್ ಮಾತ್ರ ನಿಧಾನವಾಗಿ ಗಂಡನ ಕನ್ನಡಕ್ಕೆ ಹೊಂದಿಕೊಳ್ಳುತ್ತಿದ್ದಳು. ಜ್ವರವಿಲ್ಲ, ನಾಲಿಗೆ ಸ್ವಚ್ಛವಿದೆ, ಊಟ ಸೇರುತ್ತದೆ; ಗಂಡಸರಿಗೆ ಒಂದೊಂದು ಪ್ರಾಯದಲ್ಲಿ ಒಂದೊಂದು ಬರುತ್ತದೆ ಎಂದುಕೊಂಡಿದ್ದಳು. ಒಂದು ಸಂಜೆ ಅವಳು ಮುಖ ತೊಳೆದು, ತಲೆ ಬಾಚಿ, ಅಬ್ಬಲಿಗೆಯ ತುಂಡೊಂದನ್ನು ಮುಡಿದು ಬಂಗುಡೆ ಹುರಿಯುತ್ತಿದ್ದಾಗ ಲಿಗೋರಿ ಒಳಗೆ ಬಂದ. ನೋಡಿದ. ಕನ್ನಡದಲ್ಲೇ ಹೇಳಿದ:

"ವಿನ್ನಿ, ನೀನು ಇವತ್ತು ಚೆಂದ ಕಾಣ್ತೀ."

ಮದುವೆಯಾದಂದಿನಿಂದ ಆ ಮನುಷ್ಯ ಈ ಮಾತನ್ನು ಯಾವ ಭಾಷೆಯಲ್ಲೂ ಹೇಳಿರಲಿಲ್ಲ. ವಿನಿಫ್ರೆಡಳಿಗೆ ವಾರ್ಡಿನ ಕನ್ನಡ ಮರೆತುಹೋಯಿತು. "ಹೋಗಿ ಆಚೆ," ಎಂದು ಕೊಂಕಣಿಯಲ್ಲಿ ಹೇಳಿ ಒಲೆಯ ಕಡೆ ತಿರುಗಿದಳು. ಕಿವಿಯವರೆಗೆ ಕೆಂಪಾಗಿತ್ತು. ಮಗುಚಬೇಕಾಗಿದ್ದ ಬಂಗುಡೆ ಒಂದೇ ಮಗ್ಗುಲಲ್ಲಿ ಕರಕಾಗುತ್ತಿತ್ತು, ಅವಳಿಗೆ ಗೊತ್ತಾಗಲಿಲ್ಲ.

ಲಿಗೋರಿ ಅಷ್ಟಕ್ಕೆ ಸುಮ್ಮನಾಗಿದ್ದರೆ ಈ ಕಥೆಯೂ ಸುಖವಾಗಿ ಮುಗಿಯುತ್ತಿತ್ತು.

"'ಚೆಂದ ಕಾಣ್ತೀ' ಅಂತ ಹೇಳಿದ್ರೆ ಸರಿಯಾ, 'ಚೆಂದ ಕಾಣ್ತಾ ಇದ್ದೀ' ಅಂದ್ರೆ ಸರಿಯಾ?" ಎಂದು ಕೇಳಿದ ಅವನು. "ಒಮ್ಮೆ ಈಚೆ ತಿರುಗು, ಇನ್ನೊಂದು ಸಲ ಹೇಳಿ ನೋಡ್ತೇನೆ."

ವಿನಿಫ್ರೆಡ್ ಕಾವಲಿಯನ್ನು ಒಲೆಯಿಂದ ಇಳಿಸಿದಳು.

"ಇದು ಯಾರಿಗೆ ಹೇಳಿದ್ದು?"

"ಯಾರಿಗೆ ಅಂದರೆ... ಕಥೆಯಲ್ಲಿ ಒಬ್ಬ ಗಂಡ ಇದ್ದಾನೆ..."

"ಇಷ್ಟು ದಿನ ಹೇಳಿದ್ದೆಲ್ಲ?"

"ಅಭ್ಯಾಸ," ಎಂದ ಲಿಗೋರಿ.

ಅವಳು ಬೆಳಿಗ್ಗೆ ಎದ್ದು ಚೀಲದಲ್ಲಿ ಸೀರೆಗಳನ್ನೂ ಆಸ್ಪತ್ರೆಯ ಯೂನಿಫಾರ್ಮನ್ನೂ ತುಂಬಿಕೊಂಡು ಕುಲಶೇಖರದ ಬಸ್ಸು ಹತ್ತಿದಳು. ಹೆಂಡತಿ ಸೀರೆ ಮಾತ್ರ ತೆಗೆದುಕೊಂಡು ಹೋದರೆ ಅದು ಸಿಟ್ಟು. ಯೂನಿಫಾರ್ಮನ್ನೂ ತೆಗೆದುಕೊಂಡು ಹೋದರೆ ಅದು ತೀರ್ಮಾನ. ಲಿಗೋರಿಗೆ ಈ ವ್ಯತ್ಯಾಸ ಮಧ್ಯಾಹ್ನದ ಹೊತ್ತಿಗೆ ತಿಳಿಯಿತು.

ವಾರವಿಡೀ ಅವನ ಗಂಜಿ ತಳ ಹಿಡಿಯಿತು. ಕನ್ನಡ ಮಾತಾಡೋಣವೆಂದರೆ ಮನೆಯಲ್ಲಿ ಬೆಕ್ಕೊಂದೇ. ಜಲಜಾಕ್ಷಿ ಗೋಡೆಯ ಮೇಲಿಂದ ಒಂದು ಪಿಂಗಾಣಿ ಬಟ್ಟಲು ಸಾರು ದಾಟಿಸಿ, ಅದರ ಜೊತೆಗೆ ಬೈಗುಳವನ್ನೂ ದಾಟಿಸಿದಾಗ ಅವನು ತಡೆಯಲಾರದೆ ನಿಜ ಹೇಳಿಬಿಟ್ಟ.

"ಕಥೆಗಾ?" ಜಲಜಾಕ್ಷಿ ಎದೆಯ ಮೇಲೆ ಕೈಯಿಟ್ಟಳು. "ಕಥೆಗೆ ಯಾರಾದರೂ ಸ್ವಂತ ಹೆಂಡತಿಯನ್ನು ಉಪಯೋಗಿಸ್ತಾರಾ ಪೊರ್ಬುಗಳೇ? ಬಾಯಮ್ಮನಂಥವಳು ಇನ್ನೊಬ್ಬಳು ಸಿಕ್ತಾಳಾ? ಆದಿತ್ಯವಾರ ಹೋಗಿ ಕರಕೊಂಡು ಬನ್ನಿ. ಇವರನ್ನು ಕಳಿಸಿಕೊಡ್ತೇನೆ, ಮಾತಾಡ್ಲಿಕ್ಕೆ ಜನ ಬೇಕಲ್ಲ."

ಮಾತಾಡಲಿಕ್ಕೆ ಎಂದದ್ದೇ ತಡ, ಶೀನಪ್ಪ ಶಾಲು ತೆಗೆದಿಟ್ಟುಕೊಂಡ.

ಫ್ಲಾವಿಯಾ ಬಾಯಿಯ ವಿಷಯ ಒಂದು ಮಾತು ಹೇಳಬೇಕು. ಅವರ ಬೇಲಿಯ ಹಲಸಿನ ಮರ ಯಾರದ್ದು ಎಂಬ ಬಗ್ಗೆ ಮುನ್ಸೀಫ್ ಕೋರ್ಟಿನಲ್ಲಿ ದೀರ್ಘಕಾಲ ವ್ಯಾಜ್ಯ ನಡೆದಿತ್ತು. ಒಂದು ವಾಯಿದೆಯನ್ನೂ ತಪ್ಪಿಸದೆ ಹೋಗಿ ಕುಳಿತು ಅವರು ಆ ಕೇಸನ್ನು ಗೆದ್ದಿದ್ದರು. ಮರ ಅಷ್ಟರಲ್ಲಿ ಗಾಳಿಗೆ ಬಿದ್ದಿತ್ತು, ಆದರೆ ಕನ್ನಡ ಬಂದಿತ್ತು. ಅವರಿಗೆ ಗೊತ್ತಿದ್ದ ಕನ್ನಡವೆಲ್ಲ ಆ ಕೋರ್ಟಿನದ್ದು.

ಭಾನುವಾರ ಗಂಡಸರಿಬ್ಬರೂ ಕುಲಶೇಖರಕ್ಕೆ ಮುಟ್ಟುವಾಗ ಜಗಲಿಯ ಕುರ್ಚಿಯಲ್ಲಿ ಅವರು ಸಿದ್ಧರಾಗಿ ಕುಳಿತಿದ್ದರು. ಒಳಬಾಗಿಲು ಮುಚ್ಚಿತ್ತು. ಅದರ ಹಿಂದೆ ವಿನಿಫ್ರೆಡ್ ಇದ್ದಾಳೆಂದು ಎಲ್ಲರಿಗೂ ಗೊತ್ತಿತ್ತು.

"ಪ್ರತಿವಾದಿ ಲಿಗೋರಿ ಹಾಜರಿದ್ದಾನೆಯೇ?"

"ಮಾಂಯ್, ನಾನು ಇಲ್ಲೇ ಎದುರಿಗೇ ಇದ್ದೇನೆ," ಎಂದು ಲಿಗೋರಿ ಅತ್ತೆಗೆ ಕೊಂಕಣಿಯಲ್ಲಿ ಹೇಳಿದ.

"ಕನ್ನಡದಲ್ಲಿ! ನನ್ನ ಮಗಳ ಹತ್ತಿರ ಕನ್ನಡದಲ್ಲಿ ಮಾತಾಡಿದ್ದಲ್ಲವೋ? ವಿಚಾರಣೆಯೂ ಕನ್ನಡದಲ್ಲೇ ನಡೆಯತಕ್ಕದ್ದು. ಇವನು ಯಾರು?"

ಶೀನಪ್ಪ ಶಾಲು ಸರಿಪಡಿಸಿಕೊಂಡು ಎದ್ದುನಿಂತ. "ಆಹಾ! ನಾನಾರೆಂದು ಕೇಳಿದೆಯಾ ತಾಯೇ? ಎರಡು ಮನೆಗಳ ನಡುವೆ ಸಂಧಾನದ ಸೇತುವೆಯನ್ನು..."

"ವಕಾಲತ್ತು ಉಂಟೋ?"

"ಇಲ್ಲ."

"ಹಾಗಾದರೆ ಕೂತುಕೋ."

ಶೀನಪ್ಪನ ಇಡೀ ತಾಳಮದ್ದಳೆಯ ಜೀವನದಲ್ಲಿ ಅವನನ್ನು ಒಂದೇ ವಾಕ್ಯದಲ್ಲಿ ಕೂರಿಸಿದವರು ಹುಟ್ಟಿರಲಿಲ್ಲ. ಅವನು ಕೂತ.

"ಪ್ರತಿವಾದಿ ಹೇಳಲಿ. ಸದರಿ ದಿವಸ ಸಾಯಂಕಾಲ ನನ್ನ ಮಗಳಿಗೆ 'ಚೆಂದ ಕಾಣ್ತೀ' ಎಂದು ಹೇಳಿದ್ದು ಹೌದೋ ಅಲ್ಲವೋ?"

"ಹೌದು."

"ಅದು ಸತ್ಯವೋ ಸುಳ್ಳೋ?"

"ಸತ್ಯ."

"ಸತ್ಯವಾದರೆ ಅಭ್ಯಾಸ ಎಂದು ಯಾಕೆ ಹೇಳಿದೆ? ಅಭ್ಯಾಸವಾದರೆ ಈಗ ಸತ್ಯ ಎಂದು ಯಾಕೆ ಹೇಳುತ್ತೀ? ಎರಡರಲ್ಲಿ ಒಂದು ಸುಳ್ಳು ಸಾಕ್ಷಿ. ಯಾವುದು?"

ಲಿಗೋರಿ ಶೀನಪ್ಪನ ಮುಖ ನೋಡಿದ. ಶೀನಪ್ಪ ಮಾಡಿನ ಹಂಚು ನೋಡುತ್ತಿದ್ದ. ಕೊನೆಗೆ ಲಿಗೋರಿ ಅತ್ತೆಯನ್ನು ಬಿಟ್ಟು ಸೀದಾ ಹೋಗಿ ಮುಚ್ಚಿದ ಬಾಗಿಲಿನ ಮುಂದೆ ನಿಂತ.

"ಎಂತ ವಿನ್ನಿ ಇದು? ನನಗೆ ಕಥೆಯೂ ಬೇಡ, ಎಂತದೂ ಬೇಡ ಮಾರಾಯ್ತಿ. ಒಲೆ ಹೊತ್ತುವುದಿಲ್ಲ, ಗಂಜಿ ತಳ ಹಿಡೀತದೆ. ಆ ಮನೆಯಲ್ಲಿ ಬಾಯಿ ತೆರೆದ್ರೆ ನನ್ನ ಮಾತು ನನಗೇ ತಿರುಗಿ ಬರ್ತದೆ. ಆ ದಿನ ನೀನು ಚೆಂದ ಕಂಡದ್ದು ಹೌದು. ನನಗೆ ಹೇಳ್ಲಿಕ್ಕೆ ಬರದೆ ಹಾಳು ಮಾಡಿದೆ. ಬಾ, ಹೋಗುವ."

ಶೀನಪ್ಪ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡ. ಫ್ಲಾವಿಯಾ ಬಾಯಿಯೂ ಪಾಟೀಸವಾಲು ಬಿಟ್ಟು ಒಳಬಾಗಿಲಿನ ಕಡೆ ನೋಡಿದರು. ಅಗುಳಿ ಸರಿದ ಶಬ್ದವಾಗಿ ಬಾಗಿಲು ಒಂದು ಗೇಣು ತೆರೆಯಿತು.

ಆಗ ಲಿಗೋರಿಗೆ ಹೊಳೆಯಿತು. ಆಡಿದ್ದಷ್ಟೂ ಕನ್ನಡ! ಪ್ರಾಣವಿಲ್ಲ, ವಲ್ಲಭನಿಲ್ಲ, ನಯನಗಳಿಲ್ಲ. ನೀರು ಹರಿದ ಹಾಗೆ ಬಂದಿದೆ.

"ಶೀನಪ್ಪಣ್ಣ, ಬೇಗ! ಪೆನ್ಸಿಲ್ ಉಂಟಾ?" ಎಂದು ಕೂಗಿದ. "'ಬಾಯಿ ತೆರೆದ್ರೆ' ಆದ ಮೇಲೆ ನಾನು ಎಂತ ಹೇಳಿದೆ?"

ಬಾಗಿಲು ದಢಾರನೆ ಮುಚ್ಚಿತು.

"ಪ್ರತಿವಾದಿ ತನ್ನ ಕೇಸನ್ನು ತಾನೇ ಹಾಳುಮಾಡಿಕೊಂಡಿದ್ದಾನೆ," ಎಂದು ಫ್ಲಾವಿಯಾ ಬಾಯಿ ಕುರ್ಚಿಯಿಂದ ಎದ್ದು ಹಿತ್ತಲಿನ ಕಡೆಯಿಂದ ಒಳಗೆ ಹೋದರು. ಶೀನಪ್ಪ ಹೋಟೆಲಿನಲ್ಲಿ ಜನ ಕಾಯುತ್ತಾರೆಂದು ಬಸ್ಸಿಗೆ ಹೋದ.

ಲಿಗೋರಿ ಬಾಗಿಲಿನ ಮುಂದೆ ಕುಳಿತ. ಗೊತ್ತಿದ್ದ ಕನ್ನಡದಲ್ಲಿ ತಪ್ಪೊಪ್ಪಿದ. ಕೊಂಕಣಿಯಲ್ಲಿ ಬೇಡಿಕೊಂಡ. ಸ್ವಲ್ಪ ಇಂಗ್ಲಿಷಿನಲ್ಲೂ ಹೇಳಿ ನೋಡಿದ. ಹೇಳುವುದೆಲ್ಲ ಮುಗಿದ ಮೇಲೆ, ಬೇರೆ ಉಪಾಯವಿಲ್ಲದೆ ಸುಮ್ಮನಾದ. ಬಿಸಿಲು ಅಂಗಳದಿಂದ ಬೇಲಿಗೆ ಹೋಯಿತು. ಒಮ್ಮೆ ಬಾಗಿಲು ತೆರೆದು ಒಂದು ಕಪ್ ಕಾಫಿ ಹೊರಗೆ ಬಂತು, ಬಾಗಿಲು ಮತ್ತೆ ಮುಚ್ಚಿತು. ಕುಡಿದು ನೋಡಿದರೆ ಬೆಲ್ಲ ಅವನಿಗೆ ಬೇಕಾದಷ್ಟು ಹಾಕಿತ್ತು. ಆ ಮನೆಯಲ್ಲಿ ಅಷ್ಟು ಬೆಲ್ಲ ಹಾಕುವ ಪದ್ಧತಿಯಿರಲಿಲ್ಲ. ಅವನು ಏನೋ ಹೇಳಹೊರಟು, ಕಪ್ಪನ್ನು ಹೊಸ್ತಿಲ ಬಳಿ ಇಟ್ಟು ಬಾಯಿ ಮುಚ್ಚಿಕೊಂಡ. ಅವನ ಮಟ್ಟಿಗೆ ಅದು ದೊಡ್ಡ ಸಾಧನೆ.

ಬಿಸಿಲು ಇಳಿದ ಮೇಲೆ ಬಾಗಿಲು ತೆರೆಯಿತು. ಮೊದಲು ಚೀಲ ಬಂತು, ಆಮೇಲೆ ವಿನಿಫ್ರೆಡ್. ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕುಳಿತಳು, ಅವನು ಹಿಂದೆ. ದಾರಿಯುದ್ದಕ್ಕೂ ತಿರುಗಿ ನೋಡಲಿಲ್ಲ. ಕಂಡಕ್ಟರ್ ಟಿಕೆಟ್ ಕೇಳಿದಾಗ ಮಾತ್ರ ಹೆಬ್ಬೆರಳನ್ನು ಹಿಂದಕ್ಕೆ ತೋರಿಸಿದಳು. ಆ ಹೆಬ್ಬೆರಳನ್ನು ಕಂಡು ಲಿಗೋರಿಗೆ ಜೀವ ಬಂತು.

ಕೆಲವು ದಿನ ಕಳೆದ ಮೇಲೆ ಅವನು ಅಳುಕುತ್ತ ಕೇಳಿದ, "ಬರೆಯಲಾ?"

"ಬರೀರಿ. ಆದರೆ ಮೊದಲು ನನಗೆ ಓದಿ ಹೇಳಬೇಕು."

ಮುಚ್ಚಿದ ಬಾಗಿಲಿನ ಮುಂದೆ ಒಬ್ಬ ಗಂಡ ನಿಂತಿರುವ ಕಥೆಯನ್ನು ಅವನು ಬರೆದ. ಬಾಗಿಲಿನ ಹಿಂದಿನ ಹೆಂಡತಿಗೆ ಒಂದು ಪುಟದಷ್ಟು ಹೃದಯಸ್ಪರ್ಶಿ ಮಾತು ಕೊಟ್ಟಿದ್ದ. ವಿನಿಫ್ರೆಡ್ ಬೆಳ್ಳುಳ್ಳಿ ಸುಲಿಯುತ್ತ ಕೇಳಿದಳು.

"ಇಷ್ಟೆಲ್ಲ ಮಾತಾಡುವವಳು ಬಾಗಿಲು ಯಾಕೆ ಹಾಕಿದಳು?"

ಅವನು ಆ ಪುಟವನ್ನು ಹೊಡೆದುಹಾಕಿ ಮತ್ತೆ ಓದಿದ.

"ಬಾಗಿಲು ಬೇಗ ತೆರೀತು," ಎಂದಳು. "ಅವ ಇನ್ನೂ ಸ್ವಲ್ಪ ಹೊರಗೆ ನಿಲ್ಲಲಿ."

ತಿದ್ದಿ ತಂದ.

"ಇನ್ನೂ ಸ್ವಲ್ಪ."

ಪ್ರತಿ ಸಲ ತಿದ್ದಿದಾಗಲೂ ಆ ಪಾಪದ ಗಂಡ ಹೆಚ್ಚು ಹೊತ್ತು ನಿಂತ. ಕೊನೆಗೆ ಕಥೆ ಮುಗಿಯಿತು, ಬಾಗಿಲು ತೆರೆಯಲಿಲ್ಲ. ವಿನಿಫ್ರೆಡ್ ಬೆಳ್ಳುಳ್ಳಿ ಸಿಪ್ಪೆ ಕೊಡವಿ ಎದ್ದಳು. "ಈಗ ಸರಿ," ಎಂದಳು.

ಹೆಗ್ಡೆಯವರು ಕನ್ನಡಕ ಒರೆಸದೆ ಒಂದೇ ಉಸಿರಿಗೆ ಓದಿದರು. "ಇದು ನೋಡಿ ಮಾರಾಯ್ರೆ! ಅವಳು ಒಂದು ಮಾತು ಆಡುವುದಿಲ್ಲ. ಆದರೆ ಬಾಗಿಲಿನ ಹಿಂದೆ ಅವಳ ಉಸಿರು ಸಹ ಕೇಳ್ತದೆ. ಕೊನೆಯನ್ನು ಮಾತ್ರ ಮುಟ್ಟಬೇಡಿ. ಬಾಗಿಲು ಮುಚ್ಚಿಯೇ ಇರಲಿ."

ಕಥೆ ದೀಪಾವಳಿ ಸಂಚಿಕೆಯಲ್ಲಿ ಅಚ್ಚಾಯಿತು. ಶೀನಪ್ಪ ಅದನ್ನು ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟ. ವಿನಿಫ್ರೆಡ್ ಆಸ್ಪತ್ರೆಗೆ ಒಯ್ದು, ಮರೆತವಳ ಹಾಗೆ ನರ್ಸುಗಳ ಮೇಜಿನ ಮೇಲೆ ಬಿಟ್ಟುಬಂದಳು. ಕುಲಶೇಖರದಲ್ಲಿ ವಿಲ್ಲಿ ಅದನ್ನು ಫ್ಲಾವಿಯಾ ಬಾಯಿಗೆ ಗಟ್ಟಿಯಾಗಿ ಓದಿ ಹೇಳಿದ.

ಮರುದಿನ ಅವರು ಕೊಡೆ ಊರಿಕೊಂಡು ಪತ್ರಿಕೆಯ ಮಾಳಿಗೆ ಹತ್ತಿದರು.

"ಇದರ ಸಂಪಾದಕರು ಯಾರು?"

"ನಾನೇ ತಾಯಿ. ಕೂತುಕೊಳ್ಳಿ."

"ಕೂತುಕೊಳ್ಳಲು ಬಂದದ್ದಲ್ಲ. ಈ ಬಾಗಿಲು ನನ್ನ ಮನೆಯದ್ದು. ನನ್ನ ಗಂಡ ಮಾಡಿಸಿದ್ದು. ಅದನ್ನು ನನ್ನ ಮಗಳು ತೆರೆದಳೋ ಇಲ್ಲವೋ?"

ಹೆಗ್ಡೆಯವರು ಮುಗುಳ್ನಕ್ಕರು. "ಅದನ್ನು ಓದುಗರ ಕಲ್ಪನೆಗೆ ಬಿಟ್ಟದ್ದು ತಾಯಿ."

"ನನ್ನ ಮನೆಯ ಬಾಗಿಲನ್ನು ಊರವರ ಕಲ್ಪನೆಗೆ ಬಿಡಲು ನೀವು ಯಾರು?"

"ಕಲೆಯಲ್ಲಿ ಹಾಗೆ..."

"ನಿನ್ನೆ ಇಗರ್ಜಿಯಲ್ಲಿ ಹೆಂಗಸರೆಲ್ಲ ಸುತ್ತ ನಿಂತು, ವಿನ್ನಿ ಇನ್ನೂ ನಿಮ್ಮಲ್ಲೇ ಇದ್ದಾಳಾ ಎಂದು ಕೇಳಿದರು. ಅವಳು ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ. ಇದು ದಾಖಲಾಗತಕ್ಕದ್ದು. ತೀರ್ಪು ಆಗದೆ ನಾನು ಏಳುವವಳಲ್ಲ." ಎಂದು ಹೇಳಿ ಅವರು ಈಗ ಕೂತರು.

ಹೆಗ್ಡೆಯವರು ಕಲೆಯ ಬಗ್ಗೆ ತುಂಬ ಹೇಳಿದರು. ಊಟಕ್ಕೆ ಹೋಗಿ ಬಂದರು. ಫ್ಲಾವಿಯಾ ಬಾಯಿ ಅಲ್ಲೇ ಇದ್ದರು. ಅಚ್ಚುಕೂಟದವರು ಕೆಲಸ ಮುಗಿಸಿ ಹೊರಟರು. ಫ್ಲಾವಿಯಾ ಬಾಯಿ ಚೀಲದಿಂದ ಜಪಸರ ತೆಗೆದರು.

ಮುಂದಿನ ವಾರದ ಸಂಚಿಕೆಯ ಕೊನೆಯ ಪುಟದಲ್ಲಿ, ಅಡಿಕೆ ಧಾರಣೆಯ ಕೆಳಗೆ, ಸಣ್ಣ ಅಕ್ಷರದಲ್ಲಿ ಹೀಗೊಂದು ಪ್ರಕಟಣೆ ಬಂತು:

"ತಿದ್ದುಪಡಿ: ನಮ್ಮ ದೀಪಾವಳಿ ಸಂಚಿಕೆಯಲ್ಲಿ ಪ್ರಕಟವಾದ ಶ್ರೀ ಲಿಗೋರಿ ಕ್ರಾಸ್ತಾ ಅವರ ಕಥೆಯ ಕೊನೆಯಲ್ಲಿ, ಅದೇ ದಿನ ಸಾಯಂಕಾಲ ಬಾಗಿಲು ತೆರೆಯಿತು ಎಂದು ಓದುಗರು ದಯವಿಟ್ಟು ಸೇರಿಸಿಕೊಂಡು ಓದಬೇಕು. — ಸಂಪಾದಕ."